ಮೀನಿನ ಮನೆಗೆ ಫರ್ಸಿ ಹಾಸಿದ್ದು

ನಮ್ಮ ಮನೆಯ ನೆಲದ ಮೇಲೆ ಅನ್ನ ಚೆಲ್ಲಿದರೆ ಎತ್ತಿ ತಿನ್ನಬಹುದು. ಇದು ನನ್ನ ಮಾತಲ್ಲ, ಓಣಿಯವರ ಮಾತು. ಕೆಲವರು ಮೆಚ್ಚಿ ಹೇಳುತ್ತಾರೆ, ಕೆಲವರು ಆಡಿಕೊಳ್ಳಲಿಕ್ಕೆ ಹೇಳುತ್ತಾರೆ, ನನಗೆ ಎರಡೂ ಒಂದೇ. ನಾನು ಶಹಾಬಾದಿನಲ್ಲೇ ಹುಟ್ಟಿದವಳು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಸೂರ್ಯಕಾಂತರ ಕೈ ಹಿಡಿದು ಇದೇ ಊರಿನಲ್ಲಿ ಉಳಿದವಳು. ಕಾಲಡಿಯ ಕಲ್ಲು ಕನ್ನಡಿಯ ಹಾಗೆ ಇರದಿದ್ದರೆ ನನಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಇಂಥವಳ ಕೈಗೆ ಪಕ್ಕದ ಮನೆಯ ರುಕ್ಸಾರ್ ತನ್ನ ಮೀನನ್ನು ಒಪ್ಪಿಸಿ ತವರಿಗೆ ಹೋದಳಲ್ಲ, ಆ ಹುಡುಗಿಯ ಧೈರ್ಯ ಮೆಚ್ಚಬೇಕು.

ಮೀನು ಎಂದರೆ ಕೆಂಪು, ಹಳದಿ ಬಣ್ಣದ್ದಲ್ಲ. ಹಾವುಮೀನು. ಗೇಣುದ್ದ, ಬೆರಳು ದಪ್ಪ, ಮೈಮೇಲೆ ಕಂದು ಗೆರೆ. ಮೂತಿ ಮಾತ್ರ ಚೂಪಾಗಿ ಮುಂದೆ ಬಂದು ತುದಿಯಲ್ಲಿ ಪುಟ್ಟ ಸೊಂಡಿಲಿನ ಹಾಗೆ ಅಲ್ಲಾಡುತ್ತದೆ. ಅದು ನಮ್ಮ ಕಾಗಿಣಾ ಹೊಳೆಯದೇ. ಹೋದ ವರ್ಷ ರುಕ್ಸಾರ್ ಸಂತೆಗೆ ಹೋದಾಗ ಮೀನು ಮಾರುವವಳ ಬುಟ್ಟಿಯ ತಳದಲ್ಲಿ ಇನ್ನೂ ಜೀವ ಹಿಡಿದುಕೊಂಡು ಮಿಸುಕಾಡುತ್ತಿತ್ತಂತೆ. ಸಾರಿಗೆಂದು ಹೋದವಳು ಇದನ್ನು ನೀರು ತುಂಬಿದ ಡಬ್ಬಿಯಲ್ಲಿ ಹಾಕಿಕೊಂಡು ಬಂದಳು. ಅವಳ ಗಂಡ ಮುಕ್ರಮ ಸಿಮೆಂಟ್ ಲಾರಿ ಓಡಿಸುತ್ತಾನೆ, ವಾಡಿಯಿಂದ ಹೊರಟರೆ ವಾರಗಟ್ಟಲೆ ಮನೆಗಿಲ್ಲ. ಅವನೂ ಎದುರಾಡದೆ ಎಲ್ಲಿಂದಲೋ ಒಂದು ಹಳೆಯ ಗಾಜಿನ ಪೆಟ್ಟಿಗೆ ತಂದುಕೊಟ್ಟ. ಮೀನಿಗೆ ಇವಳು ಸುತಳಿ ಎಂದು ಸೆಣಬಿನ ದಾರದ ಹೆಸರನ್ನೇ ಇಟ್ಟಳು.

ಎದುರಾಡದೆ ತಂದುಕೊಟ್ಟ ಎಂದೆನಲ್ಲ, ಅದಕ್ಕೊಂದು ಕಾರಣ ಇತ್ತು. ಅದಕ್ಕೆ ಸ್ವಲ್ಪ ಮುಂಚೆ ಅವಳಿಗೆ ಐದು ತಿಂಗಳಿಗೆ ಬಸಿರು ಇಳಿದುಹೋಗಿತ್ತು. ಆಗ ಓಣಿಯೆಲ್ಲ ಅವಳನ್ನು ನೋಡಲಿಕ್ಕೆ ಹೋಯಿತು, ನಾವೂ ಹೋದೆವು. ಈ ಸಲ ಮತ್ತೆ ಬಸಿರಾಗಿ ಆರು ತಿಂಗಳು ದಾಟಿದಾಗ ಬಿ.ಪಿ. ಏರಿತು. ಪೂರಾ ವಿಶ್ರಾಂತಿ ಬೇಕು, ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಏನೂ ಆಗಬಾರದು ಎಂದರು ಡಾಕ್ಟರು. ಆಷಾಢ ಮುಗಿಯುವಷ್ಟರಲ್ಲಿ ಅವಳ ತಾಯಿ ಚಿಂಚೋಳಿಯಿಂದ ಬಂದು ಕರೆದುಕೊಂಡು ಹೋಗಲು ನಿಂತಳು. ಗಾಜಿನ ಪೆಟ್ಟಿಗೆ ಜೀಪಿನಲ್ಲಿ ಹೋಗುವಂಥದ್ದಲ್ಲ. ರುಕ್ಸಾರ್ ನನ್ನ ಎರಡೂ ಕೈ ಹಿಡಿದುಕೊಂಡಳು.

“ಅಕ್ಕಾ, ನಾ ಬರೂತನಕ ಸುತಳಿ ಜೀವಂತ ಇರಬೇಕ್ರಿ. ಅದು ಹೋತಂದ್ರ ನನಗ ಹ್ಯಾಂಗೋ ಆಗ್ತದ. ಭಾಳ ಹೆದರಿಕಿ ಅದ.”

ಯಾತರ ಹೆದರಿಕೆ ಎಂದು ಅವಳು ಬಿಡಿಸಿ ಹೇಳಲಿಲ್ಲ, ನನಗೆ ತಿಳಿಯಿತು. ಈ ಮೀನಿನ ಜೀವವನ್ನೂ ಹೊಟ್ಟೆಯೊಳಗಿನ ಜೀವವನ್ನೂ ಅವಳು ಮನಸ್ಸಿನಲ್ಲಿ ಒಂದೇ ಗಂಟು ಹಾಕಿಬಿಟ್ಟಿದ್ದಳು. ಹುಚ್ಚು ಎನ್ನಬಹುದು. ಆದರೆ ಆ ಹೊತ್ತಿನಲ್ಲಿ ಯಾವ ಹೆಂಗಸು ಗಂಟು ಹಾಕುವುದಿಲ್ಲ? ನನ್ನ ಜೀವ ಇರುವ ತನಕ ಅದರ ಜೀವ ಹೋಗುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ.

ಹೇಳಿಹೋದದ್ದು ಕೆಲವೇ ಮಾತು. ಮುಚ್ಚಳ ತೆರೆದಿಡಬೇಡ, ಈ ಜಾತಿಯ ಮೀನು ಎದ್ದು ಹೋಗುತ್ತದೆ. ನಳದ ನೀರನ್ನು ಸೀದಾ ಸುರಿಯಬೇಡ, ಒಂದು ದಿನ ಕೊಡದಲ್ಲಿ ನಿಲ್ಲಿಸಿ ಹಾಕು. ಸೋಪು ಮುಟ್ಟಿಸಬೇಡ. ಮತ್ತೆ ಊಟ. ಊಟದ ಮಾತು ಬಂದಾಗ ಅವಳು ನೆಲ ನೋಡಿದಳು, ನಾನು ಸೂರು ನೋಡಿದೆ. ಸುತಳಿ ತಿನ್ನುವುದು ಎರೆಹುಳ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ ನಮ್ಮದು, ಮೇಲೆ ಶ್ರಾವಣ. ಅವಳು ಹಸಿ ಮಣ್ಣು ತುಂಬಿದ ಒಂದು ಹೂಕುಂಡವನ್ನು ಹುಳದ ಸಮೇತ ನನಗೆ ಒಪ್ಪಿಸಿದಳು. ನಾನು ಒಂದು ಉಪಾಯ ಮಾಡಿಕೊಂಡೆ. ಹಳೆಯ ಸೌಟಿನಿಂದ ಮಣ್ಣು ಕೆದಕಿ, ಕಣ್ಣು ಮುಚ್ಚಿ, ಬಂದದ್ದನ್ನು ನೀರಿಗೆ ಬಿಡುವುದು. ಆಮೇಲಿನದು ಅವರಿಬ್ಬರ ವ್ಯವಹಾರ, ನನಗೆ ಸಂಬಂಧವಿಲ್ಲ.

ಅತ್ತೆಯನ್ನು ಒಪ್ಪಿಸುವುದು ಮಾತ್ರ ಇಷ್ಟು ಸುಲಭವಾಗಲಿಲ್ಲ. ನಮ್ಮ ಅತ್ತೆ ಶರಣಬಸಮ್ಮ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುವ ತನಕ ಹನಿ ನೀರು ಕುಡಿಯದವರು. ಮೀನು ಮನೆಯೊಳಗೆ ಬಂತೆಂದರೆ ತಾನು ಹೊರಗೆ ಎಂದರು. ಸೂರ್ಯಕಾಂತರು ತಾಯಿಗೆ ಏನು ಹೇಳಿದರೋ, ಕೊನೆಗೆ ಪಡಸಾಲೆಯ ಮೂಲೆಯಲ್ಲಿ ಇಡಲು ಅಪ್ಪಣೆ ಸಿಕ್ಕಿತು, ದೇವರ ಕೋಣೆಯ ಕಡೆಗೆ ಅದರ ನೆರಳೂ ಬೀಳಕೂಡದು ಎಂಬ ಕರಾರಿನ ಮೇಲೆ. ಮೊದಲ ಎರಡು ದಿನ ಅವರು ಆ ಮೂಲೆಗೆ ಬೆನ್ನು ಮಾಡಿ ಕೂತರು. ಮೂರನೆಯ ದಿನ ನಾನು ಅಡುಗೆಮನೆಯಿಂದ ಇಣುಕಿದರೆ ಮುದುಕಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಉಸುಕಿನೊಳಗಿಂದ ಆ ಸೊಂಡಿಲಿನ ಮೂತಿಯೊಂದೇ ಹೊರಗೆ ಬಂದು ಈ ಕಡೆ ಆ ಕಡೆ ಮೂಸುತ್ತಿತ್ತು. ಪೆಟ್ಟಿಗೆಯ ತಳದಲ್ಲಿ ನಾಲ್ಕು ಬೆರಳಿನಷ್ಟು ಹೊಳೆಯ ಉಸುಕು ಇತ್ತು, ಅದು ಹಗಲೆಲ್ಲ ಅದರೊಳಗೇ ಹುದುಗಿಕೊಂಡಿರುತ್ತಿತ್ತು.

“ಭಾಗ್ಯಾ, ಇದು ಉಸರಾಡಾಕತ್ತದೇನ ಒಳಗ?” ಎಂದು ಕೇಳಿದರು. ನನಗೂ ಅದೇ ಅನುಮಾನ ಇತ್ತು. ಉಸುಕಿನೊಳಗೆ ಇಡೀ ಮೈ ಹೂತುಕೊಂಡು ಹೇಗೆ ಬದುಕುತ್ತದೆ? ಯಾಕೆ ಹೂತುಕೊಳ್ಳುತ್ತದೆ? ಬಿಸಿಲೇ ಇಲ್ಲ, ಬೆನ್ನಟ್ಟುವವರಿಲ್ಲ, ಮನೆಯಲ್ಲಿ ಬೆಕ್ಕೂ ಇಲ್ಲ. ಅತ್ತೆ, ಸೊಸೆ ಇಬ್ಬರೂ ಮಧ್ಯಾಹ್ನ ಜೋಳ ಹಸನು ಮಾಡುತ್ತಾ ಇದನ್ನೇ ಮಾತಾಡುತ್ತಿದ್ದೆವು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಜಗಳವಿಲ್ಲದೆ ಮಾತಾಡಿದ ಮೊದಲ ವಿಷಯ ಅದು.

ನಾಗರಪಂಚಮಿ ಬಂತು. ಪ್ರತಿ ವರ್ಷ ಊರ ಹೊರಗಿನ ಹುತ್ತಕ್ಕೆ ಹೋಗಿ ಹಾಲೆರೆಯುತ್ತಿದ್ದ ಅತ್ತೆಗೆ ಈ ಸಲ ಮೊಣಕಾಲು ಹಿಡಿದುಕೊಂಡಿತ್ತು. ನಾನು ಮಧ್ಯಾಹ್ನ ಹೋಗಿ ಎರೆದು ಬರುತ್ತೇನೆಂದು ಹೇಳಿ ಹೋಳಿಗೆಗೆ ಕಣಕ ನಾದುತ್ತಿದ್ದೆ. ಪಡಸಾಲೆಯಿಂದ ಅವರ ಧ್ವನಿ ಕೇಳಿಸಿತು. ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಹಾಲೆರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹನಿ ಬಿಡುತ್ತಾ ನಾವು ಹೇಳುವ ಮಾತು. ಮನೆಯೊಳಗೆ ಯಾರಿಗೆ ಎರೆಯುತ್ತಿದ್ದಾರೆ ಎಂದು ಕೈಯ ಹಿಟ್ಟಿನ ಸಮೇತ ಓಡಿದೆ.

ಮುಚ್ಚಳ ಸರಿಸಿ, ಗಿಂಡಿ ಬಗ್ಗಿಸಿ, ಕಣ್ಣು ಮುಚ್ಚಿ ನಿಂತಿದ್ದರು. ಹಾವಿನ ರೂಪದ್ದೇ ಮನೆಯಲ್ಲಿ ಇರುವಾಗ ಹುತ್ತದ ತನಕ ಯಾಕೆ ಹೋಗಬೇಕು ಎಂದು ಅವರ ಲೆಕ್ಕ. ಅಯ್ಯೋ, ನನ್ನ ಕರ್ಮವೇ, ಎಂದು ಬಾಯಿಗೆ ಬಂತು. ಅಷ್ಟರಲ್ಲಿ ಅವರು ಕೊನೆಯ ಧಾರೆ ಬಿಟ್ಟರು.

“ರುಕ್ಸಾರನ ಪಾಲು. ಅಕಿ ಹೊಟ್ಟ್ಯಾಗಿನ ಕೂಸಿನ ಪಾಲು.”

ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಇದಕ್ಕೆ ಹೇಗೆ ಬೈಯುವುದು, ನೀವೇ ಹೇಳಿ.

ಬೈಯಲಿಲ್ಲ, ಆದರೆ ಸಂಜೆಗೆ ನೀರು ಕಲಗಚ್ಚಿನ ಹಾಗಾಯಿತು, ಮರುದಿನ ಉಸುಕು ಹುಳಿ ವಾಸನೆ ಹೊಡೆಯತೊಡಗಿತು. ಸುತಳಿಯನ್ನು ಜಾಲರಿ ಸೌಟಿನಿಂದ ಹೇಗೋ ಹಿಡಿದು, ನಿಂತ ನೀರಿನ ಬಕೆಟ್ಟಿಗೆ ಹಾಕಿ, ಮೇಲೆ ಬೋರಲು ತಾಟು ಮುಚ್ಚಿ, ಅದರ ಮೇಲೆ ಒಳಕಲ್ಲಿನ ಗುಂಡು ಇಟ್ಟೆ. ಆಮೇಲೆ ನನ್ನ ಕೈಗೆ ಕೆಲಸ ಸಿಕ್ಕಿತು. ಪೆಟ್ಟಿಗೆಯನ್ನು ಸೋಪು ಮುಟ್ಟಿಸದೆ ಗಸಗಸ ತಿಕ್ಕಿದೆ. ಆ ಹೊಲಸು ಉಸುಕನ್ನು ತಿಪ್ಪೆಗೆ ಚೆಲ್ಲಿದೆ. ನೀರಿಗೆ ಗಾಳಿ ಬಿಡುವ ನಳಿಕೆ ಒಳಗೆ ಹೋಗುವ ಮುಚ್ಚಳದ ಮೂಲೆಯಲ್ಲಿ ಪಾಚಿ ಹಿಡಿದ ಸ್ಪಂಜಿನ ತುಂಡೊಂದು ತುರುಕಿತ್ತು, ಅದನ್ನೂ ಕಿತ್ತೆಸೆದೆ. ಬರಿಯ ಗಾಜಿನ ತಳ ನೋಡಿದರೆ ಹೊಟ್ಟೆ ಉರಿಯಿತು. ಇಷ್ಟು ದಿನ ನಮ್ಮ ಮನೆಯ ಅತಿಥಿಯನ್ನು ಮಣ್ಣಿನ ನೆಲದ ಮೇಲೆ ಮಲಗಿಸಿದ್ದೆವೇ? ಅದೂ ಶಹಾಬಾದಿನಲ್ಲಿ?

ಸೂರ್ಯಕಾಂತರಿಗೆ ಹೇಳಿದ್ದೇ ತಡ, ಅವರಿಗೂ ಹುರುಪು ಬಂತು. ಅಳತೆ ತೆಗೆದುಕೊಂಡು ಹೋಗಿ, ಸಂಜೆಗೆ ಬೆರಳು ದಪ್ಪದ ಒಂದು ಫರ್ಸಿ ತಂದರು. ಮೇಲೆ ಕನ್ನಡಿಯಂಥ ಪಾಲಿಶ್, ಅಂಚು ದುಂಡಗೆ ಉಜ್ಜಿದ್ದು, ಮೀನಿಗೆ ತರಚಬಾರದು ಎಂದು. ಪೆಟ್ಟಿಗೆಯ ತಳದಲ್ಲಿ ಅಚ್ಚು ಹೊಯ್ದ ಹಾಗೆ ಕೂತಿತು. ನೀರು ತುಂಬಿ ಸುತಳಿಯನ್ನು ಬಿಟ್ಟರೆ ನೀಲಿ ಕಲ್ಲಿನ ಮೇಲೆ ಕಂದು ಮೈ ಎಷ್ಟು ಚೆಂದ ಕಂಡಿತೆಂದರೆ, ಇಡೀ ಓಣಿಯನ್ನು ಕರೆದು ತೋರಿಸಿದೆ. ಮೊದಲು ಮೂತಿ ಮಾತ್ರ ಕಾಣುತ್ತಿದ್ದದ್ದು ಈಗ ತಲೆಯಿಂದ ಬಾಲದ ತನಕ ಎಲ್ಲರ ಕಣ್ಣಿಗೆ. ಹೆಂಗಸರು ಬಂದರು, ಗಾಜು ತಟ್ಟಿದರು, ಹುಡುಗಿಯರು ಫೋಟೋ ಹಿಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತಿದ್ದೆ.

ಆದರೆ ಅದು ಸುಮ್ಮನೆ ಇರುತ್ತಿರಲಿಲ್ಲ. ಮೂತಿಯಿಂದ ಕಲ್ಲನ್ನು ಕುಟ್ಟುತ್ತಿತ್ತು, ಮೂಲೆಯಿಂದ ಮೂಲೆಗೆ ಸುತ್ತುತ್ತಿತ್ತು, ಗಾಜಿನ ಗುಂಟ ಮೇಲಕ್ಕೇರಿ ಜಾರಿ ಬೀಳುತ್ತಿತ್ತು. ಹುಳ ಹಾಕಿದರೆ ಮುಟ್ಟಲಿಲ್ಲ. ಹೊಸ ಮನೆ, ರೂಢಿಯಾಗಬೇಕು ಎಂದುಕೊಂಡೆ. ಅತ್ತೆಗೆ ಮಾತ್ರ ಅದು ಸರಿ ಕಾಣಲಿಲ್ಲ. ಅದು ಏನೋ ಹುಡುಕಾಡುತ್ತಿದೆ ಎಂದರು, ಕಳಕೊಂಡದ್ದನ್ನು ಹುಡುಕುವವರ ಹಾಗೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ನೆಲ ಒರೆಸುವಾಗ ಸುತಳಿ ಪೆಟ್ಟಿಗೆಯಲ್ಲಿ ಇತ್ತು. ಅತ್ತೆಯ ಪೂಜೆಗೆ ಹೂ ಕೊಟ್ಟು, ರೊಟ್ಟಿ ಬಡಿದು ಬಂದರೆ ಇಲ್ಲ. ಕಲ್ಲು ಇದೆ, ನೀರು ಇದೆ, ಗುಳ್ಳೆ ಏಳುತ್ತಿದೆ, ಸುತಳಿ ಇಲ್ಲ. ಮುಚ್ಚಳ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಒಂದು ಗಳಿಗೆ ನನ್ನ ತಲೆಯೇ ಓಡಲಿಲ್ಲ. ಆಮೇಲೆ ಸ್ಪಂಜು ಕಿತ್ತ ಮೂಲೆ ಕಣ್ಣಿಗೆ ಬಿತ್ತು. ಬೆರಳು ತೂರುವಷ್ಟು ಸಂದು. ಬೆರಳು ದಪ್ಪದ ಮೀನು.

ಸಂದೂಕದ ಕೆಳಗೆ, ಚೀಲದ ಹಿಂದೆ, ಹಾಸಿಗೆಯ ಸುರುಳಿಯೊಳಗೆ, ಎಲ್ಲ ಜಾಲಾಡಿದೆ. ಅತ್ತೆ ಪೂಜೆ ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಈ ಮನೆಗೆ ಬಂದ ಮೇಲೆ ಅವರು ಪೂಜೆ ಬಿಟ್ಟದ್ದು ನಾನು ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ರುಕ್ಸಾರ್. ದಿನಾ ಆ ಹೊತ್ತಿಗೆ ಮಾಡುತ್ತಿದ್ದಳು. ಸುತಳಿ ಹೇಗಿದೆ ಎಂದು ಕೇಳಿದಳು. ಡಾಕ್ಟರ ಮಾತು ನೆನಪಾಯಿತು. ಅರಾಮ ಇದೆ, ಒಲೆಯ ಮೇಲೆ ಹಾಲಿದೆ, ಆಮೇಲೆ ಮಾಡುತ್ತೇನೆ ಎಂದು ಕಟ್ ಮಾಡಿದೆ. ಗೇಣುದ್ದದ ಹುಳದಂಥ ಮೀನಿಗೆ ನಾನು ಅಳುತ್ತೇನೆಂದು ಯಾರಾದರೂ ಹೇಳಿದ್ದರೆ ಅವರ ಮುಖಕ್ಕೆ ನಕ್ಕಿರುತ್ತಿದ್ದೆ. ನನ್ನಿಂದ ಆಗಬಾರದ್ದು ಆಯಿತು ಎಂದು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

ಕೂತದ್ದೇ ಒಳ್ಳೆಯದಾಯಿತು. ನೆಲದ ಮಟ್ಟಕ್ಕೆ ಕಣ್ಣು ಬಂದಾಗ, ಬಾಗಿಲ ಬೆಳಕಿನಲ್ಲಿ, ನಾನು ಈಗಷ್ಟೇ ಒರೆಸಿದ ಕಲ್ಲಿನ ಮೇಲೆ ಒಂದು ಮಬ್ಬು ಗೆರೆ ಕಂಡಿತು. ಒರೆಸಿದ ನನ್ನ ನೆಲದಲ್ಲಿ ಗೆರೆ ಇರುವುದು ಸಾಧ್ಯವೇ ಇಲ್ಲ. ಕೆನ್ನೆ ನೆಲಕ್ಕೆ ಹಚ್ಚಿ ನೋಡಿದೆ. ಲೋಳೆಯ ಗೆರೆ, ಡೊಂಕು ಡೊಂಕಾಗಿ, ಪೆಟ್ಟಿಗೆಯ ಬುಡದಿಂದ ಹೊರಟು ಬಚ್ಚಲಿನ ಹೊಸ್ತಿಲ ತನಕ ಹೋಗಿತ್ತು. ಹೊಸ್ತಿಲಲ್ಲಿ ಕಾಲೊರೆಸುವ ತೊಯ್ದ ಗೋಣಿತಾಟು. ಅದನ್ನು ಮಡಿಕೆ ಬಿಡಿಸಿದೆ. ಒಳಗೆ, ಒದ್ದೆಯಲ್ಲಿ, ಸುತಳಿ ಸುತ್ತಿಕೊಂಡು ಬಿದ್ದಿತ್ತು. ಮೂತಿಯ ತುದಿ ಒಂದು ಸಲ ಅಲ್ಲಾಡಿತು.

ಹುಟ್ಟಿದಾಗಿನಿಂದ ನಾನು ಮೀನು ಮುಟ್ಟಿದವಳಲ್ಲ. ಮುಟ್ಟಬೇಕೋ ಬೇಡವೋ ಎಂದು ಯೋಚಿಸಲಿಕ್ಕೂ ಪುರುಸೊತ್ತಿರಲಿಲ್ಲ. ಗೋಣಿಯ ಸಮೇತ ಎತ್ತಿ ಬಕೆಟ್ಟಿಗೆ ಇಳಿಸುವಾಗ ಜಾರಿ ನನ್ನ ಅಂಗೈಗೆ ಬಂತು, ಅದರ ಬೆನ್ನಿನ ಸಣ್ಣ ಮುಳ್ಳುಗಳು ಚುಚ್ಚಿದವು. ನೀರಿನ ತಳದಲ್ಲಿ ಎಷ್ಟೋ ಹೊತ್ತು ಬಿದ್ದುಕೊಂಡಿತ್ತು. ಆಮೇಲೆ ಕಿವಿರು ಆಡಿತು. ಅತ್ತೆ ಬಕೆಟ್ಟಿನ ಪಕ್ಕದಲ್ಲೇ ಕೂತು ಪೂಜೆಯನ್ನು ಮೊದಲಿನಿಂದ ಶುರು ಮಾಡಿದರು. ದೇವರ ಕೋಣೆಯ ಮಾತು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಸುಳ್ಳು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನ ನಾನೇ ರುಕ್ಸಾರಳಿಗೆ ವಿಡಿಯೊ ಕಾಲ್ ಹಚ್ಚಿದೆ. ಮೊದಲು ಸುತಳಿ ಈಜಾಡುವುದನ್ನು ತೋರಿಸಿ, ಆಮೇಲೆ ಹಾಲು, ಉಸುಕು, ಫರ್ಸಿ, ಗೋಣಿತಾಟು ಎಲ್ಲ ಹೇಳಿದೆ. ಹಾಲಿನ ಮಾತಿಗೆ, ಕೂಸಿನ ಪಾಲಿನ ಮಾತಿಗೆ ಅವಳ ಕಣ್ಣು ತುಂಬಿದವು. ಫರ್ಸಿಯ ಮಾತಿಗೆ ಸುಮ್ಮನಾದಳು. ಬಿ.ಪಿ. ಏರಿತೋ ಏನೋ ಎಂದು ಅಂಜಿದೆ.

“ಅಕ್ಕಾ, ಅದಕ್ಕ ಮುಚ್ಕೊಂಡು ಮಲಗಾಕ ಉಸುಕು ಬೇಕ್ರಿ. ಅದು ಇಲ್ಲಂದ್ರ ಅಂಜ್ತದ, ಹೊರಗ ಜಿಗೀತದ,” ಎಂದಳು. ಮೆಲ್ಲಗೆ ಮುಂದುವರಿಸಿದಳು. “ಹೋದ ವರ್ಷ ನನಗೂ ಹಂಗ ಆಗಿತ್ತು. ದಿನಾ ಯಾರರ ನೋಡಾಕ ಬರೂರು. ಪಾಪ, ಒಳ್ಳೇದಕ್ಕ ಬರೂರು. ನನಗ ಒಂದ್ ಕಡಿ ಮುಚ್ಕೊಂಡು ಮಲಗ್ಬೇಕನಸ್ತಿತ್ತು. ಸಂತ್ಯಾಗ ಬುಟ್ಟಿ ತಳದಾಗ ಇದನ್ನ ನೋಡ್ದೆ. ಎಲ್ಲಾ ಮೀನಿನ ಬುಡಕ್ಕ ಹೋಗಿ ಅಡಗಾಕತ್ತಿತ್ತು.”

ಆ ದಿನಗಳಲ್ಲಿ ಅವಳ ಹಾಸಿಗೆಯ ಹತ್ತಿರ ಕೂತು ಗಂಟೆಗಟ್ಟಲೆ ಸಮಾಧಾನ ಹೇಳಿದವರಲ್ಲಿ ಅತ್ತೆ, ನಾನು ಇಬ್ಬರೂ ಇದ್ದೆವು.

ಮರುದಿನವೇ ಸೂರ್ಯಕಾಂತರನ್ನು ಕಾಗಿಣಾ ದಂಡೆಗೆ ಅಟ್ಟಿದೆ. ತಂದ ಉಸುಕನ್ನು ಹರಳು ಒಂದೂ ಉಳಿಯದ ಹಾಗೆ ಸಾಣಿಗೆಯಲ್ಲಿ ಹಿಡಿದೆ, ನೀರು ತಿಳಿಯಾಗುವ ತನಕ ತೊಳೆದೆ. ನುಣ್ಣಗಿರಬೇಕು, ಅದರ ಮೈಯಲ್ಲಿ ತರಚಿದರೆ ಹುಣ್ಣಾಗುತ್ತದೆ ಎಂದು ರುಕ್ಸಾರ್ ಹೇಳಿದ್ದಳು. ತಳದ ಫರ್ಸಿ ಹೊರಗೆ ಬಂತು. ಅದನ್ನೇ ಮೇಲೆ ಮುಚ್ಚೋಣ ಎಂದು ನಾನಂದೆ. ಒಳಗಿನ ಅಳತೆಯದ್ದು ಮೇಲೆ ಕೂರುವುದಿಲ್ಲ, ಮೀನಿನ ತಲೆಯ ಮೇಲೇ ಬೀಳುತ್ತದೆ ಎಂದು ನಮ್ಮವರು ನಕ್ಕು, ಇನ್ನೊಂದು ತೆಳ್ಳನೆಯದನ್ನು ಸುತ್ತಲೂ ಬೆರಳು ಅಗಲ ಬಿಟ್ಟು ಕೊಯ್ದು ತಂದರು. ನಳಿಕೆ ತೂರುವಷ್ಟೇ ತೂತು ಕೊರೆದು, ಅದರ ಸುತ್ತ ಹೊಸ ಸ್ಪಂಜು ತುರುಕಿ, ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದರು. ಮೊದಲಿನ ಫರ್ಸಿಯ ಮೇಲೆ ಈಗ ನಾನು ಬಟ್ಟೆ ಒಗೆಯುತ್ತೇನೆ.

ಸುತಳಿಯನ್ನು ಬಿಟ್ಟೆವು. ಒಂದೇ ಸಲ ಮೂತಿ ಊರಿ, ಮೈ ತಿರುಚಿ, ಸರ್ರನೆ ಉಸುಕಿನೊಳಗೆ ಇಳಿದುಹೋಯಿತು. ಎಷ್ಟು ಅವಸರ ಇತ್ತೋ.

ಅದಾದ ಮೇಲೆ ಅದು ಕಾಣುವುದೇ ಅಪರೂಪವಾಯಿತು. ಓಣಿಯವರು ಬಂದು ಬರಿಯ ಉಸುಕು ನೋಡಿ ಹೋದರು, ಮೀನು ಸತ್ತಿರಬೇಕು, ಭಾಗ್ಯಜ್ಯೋತಿ ಮುಚ್ಚಿಡುತ್ತಿದ್ದಾಳೆ ಎಂದರು. ನನಗೂ ಒಮ್ಮೊಮ್ಮೆ ಕೈ ಹಾಕಿ ಕೆದಕಿ ನೋಡೋಣ ಅನ್ನಿಸುತ್ತಿತ್ತು. ಬೆಳಿಗ್ಗೆ ನೋಡಿದರೆ ಸಂಜೆ ಬಿಟ್ಟ ಹುಳ ಇರುತ್ತಿರಲಿಲ್ಲ, ಉಸುಕಿನ ಮೇಲೆ ಹೊಸ ಗೆರೆ ಇರುತ್ತಿತ್ತು. ಅಷ್ಟರಲ್ಲೇ ತೃಪ್ತಿಪಡಬೇಕು. ಕಾಣದೆ ಇರುವುದನ್ನು ಇದೆ ಎಂದು ನಂಬಿಕೊಂಡು ಕೈ ಕಟ್ಟಿ ಕೂರುವುದು ನನ್ನಂಥವಳಿಗೆ ನೆಲ ಒರೆಸುವುದಕ್ಕಿಂತ ಕಷ್ಟದ ಕೆಲಸ.

ದಸರೆಯ ಮುಂದೆ ರುಕ್ಸಾರ್ ಹೆತ್ತಳು. ಹೆಣ್ಣು. ಇಬ್ಬರೂ ಅರಾಮ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು.

ಸಂಕ್ರಾಂತಿಯ ಹೊತ್ತಿಗೆ ಮುಕ್ರಮ ತಾಯಿ ಮಗುವನ್ನು ಕರೆತಂದ. ಜೀಪು ನಿಂತದ್ದೇ ತಡ, ಓಣಿಯ ಹೆಂಗಸರೆಲ್ಲ ಅವರ ಬಾಗಿಲಲ್ಲಿ. ಯಾರ ಹಾಗಿದೆ, ಬಣ್ಣ ಹೇಗಿದೆ, ತೂಕ ಎಷ್ಟು. ದುಪಟಿಯ ಹೊದಿಕೆಯಲ್ಲಿ ಸುತ್ತಿದ ಕೂಸನ್ನು ಎದೆಗೊತ್ತಿಕೊಂಡು ರುಕ್ಸಾರ್ ನಡುವೆ ನಿಂತಿದ್ದಳು. ಅವಳ ಕಣ್ಣು ಮೂಲೆಯಿಂದ ಮೂಲೆಗೆ ಓಡುತ್ತಿತ್ತು. ಆ ನೋಟ ನಾನು ಮೊದಲೇ ನೋಡಿದ್ದೆ, ಫರ್ಸಿಯ ಮೇಲೆ.

ಗುಂಪು ಸರಿಸಿಕೊಂಡು ಹೋದೆ. ಅವಳನ್ನು ಒಳಗೆ ಬಿಟ್ಟು, ಪರದೆ ಎಳೆದು, ಹೊಸ್ತಿಲಿಗೆ ಅಡ್ಡ ನಿಂತೆ.

“ಇಬ್ಬರೂ ದಣದಾರ, ಮಲಗ್ತಾರ. ಅಕಿ ಕರದಾಗ ಬರ್ರಿ.”

ಮುಖ ಸಿಂಡರಿಸಿದರು. ನೀನು ಮಾತ್ರ ನೋಡಿಕೊಂಡು ನಮ್ಮನ್ನು ತಡೆಯುತ್ತೀಯಾ ಎಂದು ಒಬ್ಬಳು ಕೇಳಿಯೂ ಬಿಟ್ಟಳು. ನಾನೂ ನೋಡಿಲ್ಲ ಎಂದೆ, ಅದು ಖರೆಯೇ ಇತ್ತು. ಕೈಯಲ್ಲಿ ಕೂಸಿನ ತಲೆಗೆಂದು ಹೊಲಿದ ಕುಲಾವಿ ಹಿಡಿದುಕೊಂಡು ಹಿಂದೆ ನಿಂತಿದ್ದ ಅತ್ತೆಯನ್ನೂ ಬಿಡಲಿಲ್ಲ. ಅವರು ಕುಲಾವಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದರು.

ಎರಡು ದಿನ ಆ ಪರದೆ ಹಾಗೇ ಇತ್ತು. ನಾನು ರೊಟ್ಟಿಯ ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು ಬರುತ್ತಿದ್ದೆ. ಗೋಡೆಯ ಆಚೆ ಕೂಸು ಅತ್ತರೆ ಅತ್ತೆ, ಸೊಸೆ ಇಬ್ಬರೂ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆವು. ಒಳ್ಳೆ ಗಟ್ಟಿ ದನಿ.

ಮೂರನೆಯ ದಿನ ಮಧ್ಯಾಹ್ನ ನಮ್ಮ ಪಡಸಾಲೆಯ ಬಾಗಿಲಲ್ಲಿ ನೆರಳು ಬಿತ್ತು. ರುಕ್ಸಾರ್, ಕೂಸಿನ ಸಮೇತ. ಸೀದಾ ಪೆಟ್ಟಿಗೆಯ ಮುಂದೆ ಬಂದು ನಿಂತಳು. ಒಪ್ಪಿಸಿ ಹೋದದ್ದನ್ನು ತಿರುಗಿ ಕೊಡುವ ಹೊತ್ತು ಬಂದಿತ್ತು, ತೋರಿಸಲು ನನ್ನ ಹತ್ತಿರ ಬರಿಯ ಉಸುಕು ಇತ್ತು.

“ಕಾಣವಲ್ದು,” ಎಂದೆ. “ವಾರಾತು, ನಾ ಮೂತಿನೂ ನೋಡಿಲ್ಲ.”

ರುಕ್ಸಾರ್ ಬಗ್ಗಿ ಉಸುಕಿನ ಮೇಲಿನ ಹೊಸ ಗೆರೆಯನ್ನು ನೋಡಿದಳು. ಮುಖ ಅರಳಿತು.

“ಕಾಣವಲ್ದು ಅಂದ್ರ ಅರಾಮ ಅದ, ಅಕ್ಕಾ.”

ಆಮೇಲೆ ನಮ್ಮಿಬ್ಬರ ಕಡೆಗೆ ತಿರುಗಿ, ಯಾರೂ ಕೇಳದೆಯೇ, ಕೂಸಿನ ಮುಖದ ಮೇಲಿನ ದುಪಟಿಯ ತುದಿಯನ್ನು ತಾನೇ ಸರಿಸಿದಳು.